ಗಡಿಯಾರ ಯಾರ ಕಡೆ ನೋಡ್ತಿದೆ? ಮನುಷ್ಯನ ಕೆಲಸವನ್ನ ಅಳೆಯೋಕೆ ಹೊರಟ 200 ವರ್ಷದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಈ ಸಂಚಿಕೆ ಶುರು ಮಾಡೋಕೆ ನೀವು ಫೋನಿನ ಸ್ಕ್ರೀನ್ ಮೇಲೆ ಒಂದು ಪ್ಲೇ ಬಟನ್ ಒತ್ತಿದ್ರಿ. ನಿಮ್ಮ ಹೆಬ್ಬೆರಳು ಆ ಬಟನ್ ತಲುಪೋಕೆ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಮೊದಲೇ ಲೆಕ್ಕ ಹಾಕಬಹುದು. ಅದಕ್ಕೊಂದು ಸೂತ್ರ ಇದೆ. ನಿಮ್ಮ ಫೋನಿನ ಬಟನ್‌ಗಳ ಗಾತ್ರದ ಹಿಂದೆ ಅಂಥ ಲೆಕ್ಕಗಳಿವೆ. ಫುಡ್ ಡೆಲಿವರಿ ಹುಡುಗನ ಫೋನಲ್ಲಿ ಓಡೋ ಟೈಮರ್, ಕಾಲ್ ಸೆಂಟರ್ ಗೋಡೆಯ ಮೇಲಿನ ಬೋರ್ಡು, ಗೋದಾಮಿನಲ್ಲಿ ಗಂಟೆಗೆ ಎಷ್ಟು ಪ್ಯಾಕೆಟ್ ಅನ್ನೋ ಟಾರ್ಗೆಟ್ಟು, ಇವೂ ಅದೇ ಮನೆತನದವೇ.

ಮನುಷ್ಯ ಒಂದು ಕೆಲಸವನ್ನ ಎಷ್ಟು ಬೇಗ, ಎಷ್ಟು ಸರಿಯಾಗಿ ಮಾಡ್ತಾನೆ ಅಂತ ಅಳೆಯೋ ಈ ವಿದ್ಯೆ ಎಲ್ಲಿಂದ ಬಂತು? ಈ ವಿಷಯ ಓದ್ತಾ ಹೋದ ಹಾಗೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಯ್ತು. ಕೆಲಸ ತಡವಾದಾಗ, ತಪ್ಪಾದಾಗ, ಗಡಿಯಾರ ಯಾರ ಕಡೆ ನೋಡುತ್ತೆ? ಕೆಲಸ ಮಾಡೋನ ಕಡೆಗೋ, ಅವನ ಕೈಗೆ ಕೊಟ್ಟ ಉಪಕರಣದ ಕಡೆಗೋ? ಇವತ್ತಿನ ಕಥೆ ಪೂರ್ತಿ ಇದರ ಮೇಲೇ ನಿಂತಿದೆ.

0.8 ಸೆಕೆಂಡಿಗೆ ಹೋದ ಕೆಲಸ

1796, ಇಂಗ್ಲೆಂಡಿನ ಗ್ರೀನಿಚ್ ಖಗೋಳ ವೀಕ್ಷಣಾಲಯ. ಅಲ್ಲಿನ ಮುಖ್ಯಸ್ಥ ನೆವಿಲ್ ಮಸ್ಕೆಲಿನ್, ಬ್ರಿಟನ್ನಿನ ರಾಜ ಖಗೋಳಜ್ಞ. ಅವನ ಕೈಕೆಳಗೆ ಡೇವಿಡ್ ಕಿನ್ನೆಬ್ರೂಕ್ ಅನ್ನೋ ಸಹಾಯಕ.

ಅವರ ಕೆಲಸ ಏನು ಅಂದ್ರೆ, ಒಂದು ನಕ್ಷತ್ರ ಟೆಲಿಸ್ಕೋಪಿನೊಳಗೆ ಕಟ್ಟಿರೋ ಸಣ್ಣ ತಂತಿಯನ್ನ ದಾಟೋ ಕ್ಷಣವನ್ನ ಬರೆದಿಡೋದು. ಕೇಳೋಕೆ ಸುಲಭ. ಆದ್ರೆ ಆಗ ಕ್ಯಾಮೆರಾ ಇಲ್ಲ, ಎಲೆಕ್ಟ್ರಾನಿಕ್ ಟೈಮರ್ ಇಲ್ಲ. ಮೊದಲು ಗಡಿಯಾರ ನೋಡ್ಕೊಬೇಕು, ಆಮೇಲೆ ಕಣ್ಣನ್ನ ಟೆಲಿಸ್ಕೋಪಿಗೆ ಇಟ್ಟು, ಲೋಲಕದ ಟಿಕ್ ಟಿಕ್ ಸದ್ದನ್ನ ಕಿವಿಯಲ್ಲಿ ಎಣಿಸ್ತಾ ಹೋಗ್ಬೇಕು. ಒಂದು ಟಿಕ್ ಆದಾಗ ನಕ್ಷತ್ರ ತಂತಿಯ ಈಚೆ ಇತ್ತು, ಮುಂದಿನ ಟಿಕ್ ಆದಾಗ ಆಚೆ ಹೋಗಿತ್ತು. ಈ ಎರಡರ ಮಧ್ಯೆ ಅದು ಯಾವ ಕ್ಷಣದಲ್ಲಿ ದಾಟ್ತು ಅನ್ನೋದನ್ನ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಅಂದಾಜು ಮಾಡ್ಬೇಕು. ಕಣ್ಣು, ಕಿವಿ ಎರಡೂ ಒಟ್ಟಿಗೆ ಕೆಲಸ ಮಾಡ್ಬೇಕು.

ಇಷ್ಟು ನಿಖರತೆ ಯಾಕೆ? ಆ ಕಾಲದಲ್ಲಿ ಹಡಗುಗಳು ಸಮುದ್ರದ ಮಧ್ಯೆ ತಾವು ಎಲ್ಲಿದ್ದೀವಿ ಅಂತ ಕಂಡ್ಕೊಳ್ತಿದ್ದಿದ್ದು ಇಂಥ ನಕ್ಷತ್ರದ ಲೆಕ್ಕದಿಂದ. ಭೂಮಿ ಸಮಭಾಜಕದ ಹತ್ತಿರ ಒಂದು ಸೆಕೆಂಡಿಗೆ ಸುಮಾರು 460 ಮೀಟರ್ ತಿರುಗುತ್ತೆ. ಟೈಮಲ್ಲಿ ಒಂದು ಸೆಕೆಂಡ್ ತಪ್ಪಿದ್ರೆ, ಜಾಗದಲ್ಲಿ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ತಪ್ಪಿದ ಹಾಗೆ.

ಮೊದಮೊದಲು ಕಿನ್ನೆಬ್ರೂಕ್‌ನ ಲೆಕ್ಕ ಮಸ್ಕೆಲಿನ್ ಲೆಕ್ಕಕ್ಕೆ ಸರಿ ಹೊಂದ್ತಿತ್ತು. 1795ರ ಆಗಸ್ಟ್ ಹೊತ್ತಿಗೆ ಅರ್ಧ ಸೆಕೆಂಡ್ ವ್ಯತ್ಯಾಸ ಬರೋಕೆ ಶುರುವಾಯ್ತು. ಎಚ್ಚರಿಕೆ ಕೊಟ್ರು. 1796ರ ಜನವರಿಗೆ ವ್ಯತ್ಯಾಸ 0.8 ಸೆಕೆಂಡಿಗೆ ಏರ್ತು. ಕಿನ್ನೆಬ್ರೂಕ್‌ನನ್ನ ಕೆಲಸದಿಂದ ತೆಗೆದುಹಾಕಿದ್ರು.

ಇಲ್ಲಿ ಒಂದು ಮಾತು ಗಮನಿಸಿ. ಇಬ್ಬರು ನೋಡಿದ್ರು, ಇಬ್ಬರ ಲೆಕ್ಕ ಬೇರೆ ಬಂತು. ತಪ್ಪು ಯಾರದ್ದು? ಸಹಾಯಕನದ್ದೇ. ಯಾಕಂದ್ರೆ ಇನ್ನೊಬ್ಬ ಬಾಸ್.

ಕಥೆ ಇಲ್ಲಿಗೇ ಮುಗೀಬೇಕಿತ್ತು. ಆದ್ರೆ ಸುಮಾರು 20 ವರ್ಷ ಆದ್ಮೇಲೆ, ಪ್ರಶ್ಯಾ ದೇಶದ ಕ್ಯೋನಿಗ್ಸ್‌ಬರ್ಗ್ ಊರಿನಲ್ಲಿ ಫ್ರೀಡ್ರಿಶ್ ಬೆಸೆಲ್ ಅನ್ನೋ ಖಗೋಳಜ್ಞ ಈ ಘಟನೆ ಬಗ್ಗೆ ಓದಿದ. ಅವನಿಗೆ ಬೇರೆಯೇ ಅನುಮಾನ ಬಂತು. ಕಿನ್ನೆಬ್ರೂಕ್ ಸೋಮಾರಿ ಅಲ್ಲದೇ ಇದ್ರೆ? ಪ್ರತಿಯೊಬ್ಬ ಮನುಷ್ಯನೂ ಹೀಗೆ ಸ್ವಲ್ಪ ಹಿಂದೆ ಮುಂದೆ ಇದ್ರೆ? ಬೆಸೆಲ್ ತಾನೇ ಬೇರೆ ಖಗೋಳಜ್ಞರ ಜೊತೆ ಕೂತು ಒಂದೇ ನಕ್ಷತ್ರಗಳನ್ನ ನೋಡಿ ಲೆಕ್ಕ ಹೋಲಿಸಿದ. ಒಬ್ಬನ ಜೊತೆಗಂತೂ ಒಂದು ಸೆಕೆಂಡಿಗಿಂತ ಹೆಚ್ಚೇ ವ್ಯತ್ಯಾಸ ಬಂತು. ಅಂದ್ರೆ ಕಿನ್ನೆಬ್ರೂಕ್‌ನ ಕೆಲಸ ಕಳೆದ ವ್ಯತ್ಯಾಸಕ್ಕಿಂತ ಜಾಸ್ತಿ. ಇಬ್ಬರೂ ನುರಿತವರು, ಇಬ್ಬರೂ ಪ್ರಾಮಾಣಿಕರು.

ಖಗೋಳಜ್ಞರು ಇದಕ್ಕೆ 'ವೈಯಕ್ತಿಕ ಸಮೀಕರಣ' ಅಂತ ಹೆಸರಿಟ್ರು. ಪ್ರತಿ ವೀಕ್ಷಕನಿಗೂ ಅವನದ್ದೇ ಒಂದು ಅಳತೆ ಇದೆ, ಅದನ್ನ ಕಂಡುಹಿಡಿದು ಲೆಕ್ಕದಲ್ಲಿ ಸರಿ ಮಾಡ್ಕೊಳ್ಳಿ, ಮನುಷ್ಯನನ್ನ ಬೈಬೇಡಿ ಅಂತ. ಕಿನ್ನೆಬ್ರೂಕ್‌ಗೆ ಇದರಿಂದ ಏನೂ ಪ್ರಯೋಜನ ಆಗ್ಲಿಲ್ಲ. ಆದ್ರೆ ಮನುಷ್ಯನನ್ನೇ ಅಳೆಯೋ ವಿಜ್ಞಾನಕ್ಕೆ ಬೀಜ ಬಿದ್ದಿದ್ದು ಹೀಗೆ.

ಯೋಚನೆಗೂ ಟೈಮ್ ಬೇಕು

ಮುಂದಿನ ಪ್ರಶ್ನೆ: ಈ ತಡ ಎಲ್ಲಿ ಆಗುತ್ತೆ? 19ನೇ ಶತಮಾನದ ಮೊದಲ ಅರ್ಧದಲ್ಲಿ ಎಷ್ಟೋ ವಿದ್ವಾಂಸರು ನರದೊಳಗಿನ ಸಂದೇಶದ ವೇಗ ಅಳೆಯೋಕೇ ಆಗಲ್ಲ ಅಂದ್ಕೊಂಡಿದ್ರು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರದ ಮೇಲೆ ಪ್ರಯೋಗ ಮಾಡಿ ಅದನ್ನ ಅಳೆದೇ ಬಿಟ್ಟ. ಸೆಕೆಂಡಿಗೆ ಸುಮಾರು 27 ಮೀಟರ್. ಜೋರಾಗಿ ಓಡೋ ರೈಲಿನಷ್ಟು. ಮಿಂಚಿನ ವೇಗ ಅಂದ್ಕೊಂಡಿದ್ದು ಅಷ್ಟೇನಾ ಅಂತ ಜನ ಬೆರಗಾದ್ರು.

ಆಮೇಲೆ ನೆದರ್‌ಲೆಂಡ್ಸ್‌ನ ವೈದ್ಯ ಡಾಂಡರ್ಸ್ ಬಂದ. ಅವನ ಉಪಾಯ ಬಹಳ ಸರಳ. ಒಂದು ಪ್ರಯೋಗದಲ್ಲಿ, ಯಾವ ಕಾಲಿಗೆ ವಿದ್ಯುತ್ತಿನ ಚುಚ್ಚು ಬರುತ್ತೆ ಅಂತ ಮೊದಲೇ ಹೇಳ್ತಿದ್ದ. ಬಂದ ತಕ್ಷಣ ಅದೇ ಕಡೆಯ ಕೈ ಅಲ್ಲಾಡಿಸ್ಬೇಕು. ಇನ್ನೊಂದು ಪ್ರಯೋಗದಲ್ಲಿ ಹೇಳ್ತಾ ಇರ್ಲಿಲ್ಲ. ಎಡಕ್ಕೆ ಬಂತಾ ಬಲಕ್ಕೆ ಬಂತಾ ಅಂತ ಗುರುತು ಹಿಡಿದು ಕೈ ಅಲ್ಲಾಡಿಸ್ಬೇಕು. ಎರಡನೇದಕ್ಕೆ ಹೆಚ್ಚು ಹೊತ್ತು ಬೇಕಾಯ್ತು. ಎರಡನೇದರಿಂದ ಮೊದಲನೇದನ್ನ ಕಳೆದ್ರೆ ಉಳಿಯೋದು ಏನು? ಬರೀ 'ತೀರ್ಮಾನ' ಮಾಡೋಕೆ ಹಿಡಿಯೋ ಹೊತ್ತು. ಸೆಕೆಂಡಿನ ಸುಮಾರು ಹದಿನೈದನೇ ಒಂದು ಭಾಗ. 1868ರಲ್ಲಿ ಡಾಂಡರ್ಸ್ ಇದನ್ನ ಪ್ರಕಟಿಸಿದ. ಕಳೆಯೋ ಲೆಕ್ಕ ಅಷ್ಟೇ, ಆದ್ರೆ ಅದರಿಂದ ಯೋಚನೆಗೂ ಗಡಿಯಾರ ಹಿಡೀಬಹುದು ಅಂತಾಯ್ತು.

ತಂತಿ ಕಚೇರಿಯ ಹುಡುಗರು ಮತ್ತು ಶಕುಂತಲಾ ದೇವಿ

ಪ್ರಯೋಗಶಾಲೆಯಿಂದ ಈ ವಿದ್ಯೆ ದಿನದ ಕೆಲಸಕ್ಕೆ ಬಂದಿದ್ದು ಅಮೆರಿಕದ ಇಂಡಿಯಾನಾದಲ್ಲಿ. ನೋಬಲ್ ಹಾರ್ಟರ್ ಅನ್ನೋ ಮಾಜಿ ಟೆಲಿಗ್ರಾಫ್ ಆಪರೇಟರ್, ವಿಲಿಯಮ್ ಬ್ರಯಾನ್ ಅನ್ನೋ ಮನೋವಿಜ್ಞಾನಿ, ಇಬ್ಬರೂ ಸೇರಿ 1897 ಮತ್ತು 1899ರಲ್ಲಿ ಎರಡು ಪ್ರಬಂಧ ಬರೆದ್ರು. ಮೋರ್ಸ್ ಸಂಕೇತ ಕಲಿಯೋ ಹುಡುಗರನ್ನ ವಾರ ವಾರ ಪರೀಕ್ಷೆ ಮಾಡಿ ಗ್ರಾಫ್ ಬರೆದ್ರು.

ಏನು ಕಾಣಿಸ್ತು ಗೊತ್ತಾ? ಸಂದೇಶ ಕಳಿಸೋ ವೇಗ ನುಣ್ಣಗೆ ಏರ್ತಾ ಹೋಗುತ್ತೆ. ಆದ್ರೆ ಕೇಳಿಸ್ಕೊಂಡು ಬರ್ಕೊಳ್ಳೋ ವೇಗ ಸ್ವಲ್ಪ ಏರಿ ನಿಂತ್ಬಿಡುತ್ತೆ. ವಾರಗಟ್ಟಲೆ ಅಭ್ಯಾಸ ಮಾಡಿದ್ರೂ ಗ್ರಾಫ್ ಮೈದಾನದ ಹಾಗೆ ಸಪಾಟು. ಆಮೇಲೆ ಒಂದಿನ ದಿಢೀರಂತ ಮತ್ತೆ ಏರುತ್ತೆ. ಅವರ ವಿವರಣೆ ಏನಂದ್ರೆ, ಕಲಿಯೋನು ಮೊದಲು ಒಂದೊಂದೇ ಅಕ್ಷರ ಕೇಳ್ತಾನೆ, ಆಮೇಲೆ ಇಡೀ ಪದ ಒಂದೇ ಸದ್ದಾಗಿ ಕೇಳುತ್ತೆ, ಆಮೇಲೆ ಇಡೀ ನುಡಿಗಟ್ಟೇ ಕೇಳುತ್ತೆ. ಆ ಸಪಾಟು ದಿನಗಳಲ್ಲಿ ಹೊರಗಡೆ ಏನೂ ಕಾಣದಿದ್ರೂ ಒಳಗಡೆ ಕಟ್ಟೋ ಕೆಲಸ ನಡೀತಾನೇ ಇರುತ್ತೆ. ಕಾರ್ ಓಡಿಸೋಕೆ ಕಲಿತವರಿಗೆ, ವೀಣೆ ಕಲಿತವರಿಗೆ ಈ ಸಪಾಟು ದಿನಗಳ ಸಂಕಟ ಗೊತ್ತಿರುತ್ತೆ.

ಇದಕ್ಕೆ ನಮ್ಮೂರಿನ ಒಂದು ಉದಾಹರಣೆ ಕೊಡ್ತೀನಿ, ಅದಕ್ಕೋಸ್ಕರ ಕಾಲದಲ್ಲಿ ಸ್ವಲ್ಪ ಮುಂದಕ್ಕೆ ಹೋಗೋಣ. ಬೆಂಗಳೂರಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನ ಮನಸ್ಸಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಕೊಟ್ರು. ಗಿನ್ನೆಸ್ ದಾಖಲೆ. ಇದು ನಮಗೆಲ್ಲ ಗೊತ್ತು. ಆದ್ರೆ 1988ರಲ್ಲಿ ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಅವರನ್ನ ಪರೀಕ್ಷೆ ಮಾಡಿದ್ದು ಅಷ್ಟಾಗಿ ಗೊತ್ತಿಲ್ಲ. 61,629,875ರ ಘನಮೂಲ ಏನು ಅಂತ ಕೇಳಿದ್ರೆ, ಜೆನ್ಸನ್ ಇನ್ನೂ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದು ಮುಗಿಸೋದ್ರೊಳಗೆ ಇವರು 395 ಅಂತ ಹೇಳಿಬಿಟ್ಟಿದ್ರು.

ಹಾಗಾದ್ರೆ ಅವರ ಮೆದುಳೇ ಬೇರೆಯವರಿಗಿಂತ ಸ್ಪೀಡಾ? ಜೆನ್ಸನ್ ಇದನ್ನೂ ಅಳೆದ್ರು. ಲೈಟ್ ಬಂದ್ರೆ ಬಟನ್ ಒತ್ತು ಅನ್ನೋ ಥರದ, ಡಾಂಡರ್ಸ್ ಕಾಲದಿಂದ ಬಂದ ಸಣ್ಣ ಪರೀಕ್ಷೆಗಳು. ಅವುಗಳಲ್ಲಿ ಶಕುಂತಲಾ ದೇವಿಯವರ ವೇಗದಲ್ಲಿ ಅಸಾಧಾರಣ ಅನ್ನೋ ಥರದ್ದು ಏನೂ ಸಿಗ್ಲಿಲ್ಲ. 1990ರ ಪ್ರಬಂಧದಲ್ಲಿ ಜೆನ್ಸನ್ ಇದನ್ನ ಬರೆದ್ರು. ಬಾಲ್ಯದಿಂದ ಅಂಕಿಗಳ ಜೊತೆಗೇ ಬೆಳೆದವರಿಗೆ ದೊಡ್ಡ ಸಂಖ್ಯೆಯೂ ನಮಗೆ ಒಂದು ಪದ ಕಾಣೋ ಹಾಗೆ ಒಂದೇ ಏಟಿಗೆ ಕಾಣುತ್ತೆ ಅನ್ನೋ ದಿಕ್ಕಿನಲ್ಲಿ ಅವರ ವಿವರಣೆ ಇತ್ತು. ತಂತಿ ಕಚೇರಿಯ ಹುಡುಗರದ್ದೂ ಇದೇ ಕಥೆ ತಾನೇ?

ಅಂದ ಹಾಗೆ, ಇದೇ ಜೆನ್ಸನ್ ಬುದ್ಧಿಮತ್ತೆ ಪರೀಕ್ಷೆಯ ಅಂಕಗಳನ್ನ ಜನಾಂಗದ ಜೊತೆ ಜೋಡಿಸಿ 1969ರಲ್ಲಿ ಬರೆದ ಪ್ರಬಂಧ ದೊಡ್ಡ ವಿವಾದ ಎಬ್ಬಿಸಿತ್ತು. ಅದು ಸಾಕಷ್ಟು ಖಂಡನೆಗೂ ಒಳಗಾಯ್ತು. ಮನುಷ್ಯನನ್ನ ಅಳೆಯೋ ಪಟ್ಟಿ ಯಾವತ್ತೂ ಬರೀ ಪಟ್ಟಿ ಆಗಿರಲ್ಲ. ಅದನ್ನ ಹಿಡಿದವರ ಪ್ರಶ್ನೆ ಏನು ಅನ್ನೋದೂ ಮುಖ್ಯ.

ಕಾರ್ಖಾನೆಗೆ ಬಂದ ಸ್ಟಾಪ್‌ವಾಚ್

ಈಗ ವಾಪಸ್ 1899ಕ್ಕೆ. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆ. ಫ್ರೆಡರಿಕ್ ಟೇಲರ್ ಅನ್ನೋ ಎಂಜಿನಿಯರ್ ಕೈಯಲ್ಲಿ ಸ್ಟಾಪ್‌ವಾಚ್. ಕೂಲಿಗಳು ಒಂದೊಂದು 92 ಪೌಂಡ್, ಅಂದ್ರೆ ಸುಮಾರು 42 ಕೆಜಿ ತೂಕದ ಕಬ್ಬಿಣದ ಗಟ್ಟಿಗಳನ್ನ ಎತ್ತಿ ರೈಲಿನ ವ್ಯಾಗನ್ನಿಗೆ ಹಾಕ್ತಿದ್ರು. ದಿನಕ್ಕೆ ತಲಾ ಹನ್ನೆರಡೂವರೆ ಟನ್. ಟೇಲರ್ ಹೇಳೋ ಪ್ರಕಾರ, ಯಾವಾಗ ಎತ್ತಬೇಕು, ಯಾವಾಗ ಕೂರಬೇಕು ಅಂತ ಗಡಿಯಾರ ಹಿಡಿದು ಹೇಳಿ, ಒಬ್ಬ ಕೂಲಿಯಿಂದ ದಿನಕ್ಕೆ ನಲವತ್ತೇಳೂವರೆ ಟನ್ ಎತ್ತಿಸಿದ್ರು. ಕೂಲಿ 1.15 ಡಾಲರಿಂದ 1.85 ಡಾಲರಿಗೆ ಏರ್ತು. ನೀವೇ ಲೆಕ್ಕ ಹಾಕಿ. ಕೆಲಸ ಹತ್ತಿರ ಹತ್ತಿರ ನಾಲ್ಕು ಪಟ್ಟು, ಸಂಬಳ ಒಂದೂವರೆ ಪಟ್ಟಿಗೆ ಸ್ವಲ್ಪ ಜಾಸ್ತಿ.

ಈ ಕಥೆಯನ್ನ ಟೇಲರ್ ತಮ್ಮ 1911ರ ಪುಸ್ತಕದಲ್ಲಿ ದೊಡ್ಡದಾಗಿ ಬರೆದ್ರು. ಆಮೇಲೆ ಇತಿಹಾಸಕಾರರು ಕಾರ್ಖಾನೆಯ ದಾಖಲೆ ತೆಗೆದು ನೋಡಿದಾಗ, ಅದಕ್ಕೆ ಸಾಕಷ್ಟು ಉಪ್ಪು ಖಾರ ಹಚ್ಚಿದ್ದು ಗೊತ್ತಾಯ್ತು. ಆದ್ರೆ ಅಷ್ಟರಲ್ಲಿ ಸ್ಟಾಪ್‌ವಾಚ್ ಎಲ್ಲಾ ಕಡೆ ಹಬ್ಬಿಯಾಗಿತ್ತು.

ಕಾರ್ಮಿಕರು ಸುಮ್ಮನಿರ್ಲಿಲ್ಲ. 1911ರ ಆಗಸ್ಟಿನಲ್ಲಿ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್ ಅನ್ನೋ ಊರಿನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ, ಅಚ್ಚು ಹೊಯ್ಯೋ ಕೆಲಸಗಾರನೊಬ್ಬ ತನ್ನ ಕೆಲಸಕ್ಕೆ ಗಡಿಯಾರ ಹಿಡಿಯೋದಕ್ಕೆ ಒಪ್ಪಲಿಲ್ಲ. ಅವನನ್ನ ಕೆಲಸದಿಂದ ತೆಗೆದ್ರು. ಉಳಿದ ಅಚ್ಚುಗಾರರೂ ಅವನ ಹಿಂದೆಯೇ ಹೊರಗೆ ನಡೆದ್ರು. ವಿಷಯ ಅಮೆರಿಕದ ಸಂಸತ್ತಿನವರೆಗೂ ಹೋಯ್ತು. ಟೇಲರ್ ಸಮಿತಿ ಮುಂದೆ ಹಾಜರಾಗಿ ಉತ್ತರ ಕೊಡಬೇಕಾಯ್ತು. 1915ರಲ್ಲಿ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಕೆಲಸ ಅಳೆಯೋಕೆ ಹಣ ಖರ್ಚು ಮಾಡಬಾರದು ಅಂತ ಕಾನೂನೇ ಬಂತು. ಆ ನಿಷೇಧ 1949ರವರೆಗೂ ಉಳೀತು.

ಇದೇ ಕಾಲದಲ್ಲಿ ಇನ್ನೊಂದು ಜೋಡಿ, ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್. ಫ್ರಾಂಕ್ ಇಟ್ಟಿಗೆ ಗಾರೆ ಕೆಲಸದಿಂದ ಮೇಲೆ ಬಂದವರು. ಗಾರೆಯವನು ಪ್ರತಿ ಇಟ್ಟಿಗೆಗೂ ನೆಲದವರೆಗೆ ಬಗ್ಗಿ ಏಳ್ತಾನೆ, ಒಂದು ಇಟ್ಟಿಗೆ ಇಡೋಕೆ 18 ಚಲನೆ ಆಗುತ್ತೆ ಅಂತ ಅವರು ಎಣಿಸಿದ್ರು. ಅದನ್ನ ಐದರ ಆಸುಪಾಸಿಗೆ ಇಳಿಸಿದ್ರು. ಹೇಗೆ? ಅವನನ್ನ ಗದರಿಸಿ ಅಲ್ಲ. ಗೋಡೆ ಏರಿದ ಹಾಗೆ ತಾನೂ ಏರೋ ಒಂದು ಅಟ್ಟಣಿಗೆ ಮಾಡಿ, ಇಟ್ಟಿಗೆಯನ್ನ ಅವನ ಕೈ ಎತ್ತರಕ್ಕೆ ತಂದು ಇಟ್ಟು. ಬಗ್ಗೋದೇ ತಪ್ಪಿಹೋಯ್ತು.

ಇವರು ಸ್ಟಾಪ್‌ವಾಚಿನ ಬದಲು ಸಿನಿಮಾ ಕ್ಯಾಮೆರಾ ಹಿಡಿದ್ರು. ಫ್ರೇಮ್ ಫ್ರೇಮ್ ನೋಡಿ, ಹುಡುಕೋದು, ಹಿಡಿಯೋದು, ಸಾಗಿಸೋದು ಅಂತ ಕೈಕೆಲಸವನ್ನ ಸಣ್ಣ ಸಣ್ಣ ತುಣುಕಾಗಿ ಒಡೆದ್ರು. ಲಿಲಿಯನ್ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು, ಆಯಾಸದ ಬಗ್ಗೆಯೇ ಗಂಡನ ಜೊತೆ ಸೇರಿ 1916ರಲ್ಲಿ ಪುಸ್ತಕ ಬರೆದವರು. 1924ರಲ್ಲಿ ಫ್ರಾಂಕ್ ತೀರಿಕೊಂಡ್ರು. ಮನೆ ತುಂಬ ಮಕ್ಕಳು, 11 ಜನ. ಹೆಂಗಸು ಅಂತ ಕಾರ್ಖಾನೆಗಳ ಕೆಲಸ ಕೈಬಿಟ್ಟು ಹೋಗ್ತಾ ಬಂತು. ಆಗ ಅವರು ಅದೇ ವಿದ್ಯೆಯನ್ನ ಅಡುಗೆಮನೆಗೆ ತಂದ್ರು. ಒಲೆಯಿಂದ ಸಿಂಕಿಗೆ ಎಷ್ಟು ಹೆಜ್ಜೆ, ಕಟ್ಟೆ ಎಷ್ಟು ಎತ್ತರ ಇದ್ರೆ ಬೆನ್ನು ನೋಯಲ್ಲ ಅಂತ ಲೆಕ್ಕ ಹಾಕಿದ್ರು. ಕಾಲಲ್ಲಿ ಒತ್ತಿ ಮುಚ್ಚಳ ತೆಗೆಯೋ ಕಸದ ಡಬ್ಬ ಇದೆಯಲ್ಲ, ಅದೂ ಅವರ ಹೆಸರಿಗೇ ಸೇರಿದ್ದು.

ಟೇಲರ್ ಹಿಡಿದ ಗಡಿಯಾರವೂ ಗಡಿಯಾರವೇ, ಲಿಲಿಯನ್ ಹಿಡಿದಿದ್ದೂ ಗಡಿಯಾರವೇ. ಒಂದು ಕೂಲಿಯವನ ಕಡೆ ನೋಡ್ತಿತ್ತು, ಇನ್ನೊಂದು ಕಟ್ಟೆಯ ಎತ್ತರದ ಕಡೆ ನೋಡ್ತಿತ್ತು.

ಪೈಲಟ್ ತಪ್ಪಾ, ಲಿವರ್ ತಪ್ಪಾ?

ಎರಡನೇ ಮಹಾಯುದ್ಧ. ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದು ರನ್‌ವೇ ಮೇಲೆ ಓಡ್ತಿರ್ತವೆ, ಅಷ್ಟರಲ್ಲಿ ಪೈಲಟ್ ಚಕ್ರಗಳನ್ನ ಒಳಗೆ ಎಳೆದುಬಿಡ್ತಾನೆ. ವಿಮಾನ ಹೊಟ್ಟೆ ಮೇಲೆ ಕೂರುತ್ತೆ. ವರದಿಯಲ್ಲಿ 'ಪೈಲಟ್ ತಪ್ಪು' ಅಂತ ಬರೀತಾರೆ. ಕಿನ್ನೆಬ್ರೂಕ್ ಕಥೆ ಮತ್ತೆ ಬಂತು ನೋಡಿ.

ಆಲ್ಫಾನ್ಸ್ ಚಾಪಾನಿಸ್ ಅನ್ನೋ ಯುವ ಮನೋವಿಜ್ಞಾನಿ 1943ರಲ್ಲಿ ಇದನ್ನ ನೋಡೋಕೆ ಬಂದ. ಪೈಲಟ್‌ಗಳನ್ನ ಬಿಟ್ಟು ಕಾಕ್‌ಪಿಟ್ ನೋಡಿದ. ಚಕ್ರದ ಸ್ವಿಚ್, ರೆಕ್ಕೆಯ ಫ್ಲಾಪ್ ಸ್ವಿಚ್, ಎರಡೂ ಅಕ್ಕಪಕ್ಕ, ಎರಡೂ ಒಂದೇ ಥರ. ದಣಿದು ಬಂದ ಮನುಷ್ಯ, ಕಣ್ಣು ರನ್‌ವೇ ಮೇಲೆ, ಫ್ಲಾಪ್ ಅಂದ್ಕೊಂಡು ಚಕ್ರದ ಸ್ವಿಚ್ ಎಳೀತಾನೆ. ಪರಿಹಾರ ಏನು? ಚಕ್ರದ ಸ್ವಿಚ್ಚಿಗೆ ಸಣ್ಣ ರಬ್ಬರ್ ಚಕ್ರ, ಫ್ಲಾಪ್ ಸ್ವಿಚ್ಚಿಗೆ ರೆಕ್ಕೆಯ ಹಾಗಿರೋ ಬೆಣೆ. ಕೈಗೇ ಗೊತ್ತಾಗ್ಬೇಕು ಯಾವುದು ಅಂತ. ಇವತ್ತಿಗೂ ವಿಮಾನದ ಲ್ಯಾಂಡಿಂಗ್ ಗೇರ್ ಹಿಡಿಕೆ ಚಕ್ರದ ಆಕಾರದಲ್ಲೇ ಇರುತ್ತೆ.

ಯುದ್ಧ ಮುಗಿದ ಮೇಲೆ 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಇಂಥ 460 'ಪೈಲಟ್ ತಪ್ಪು'ಗಳನ್ನ ಕೂಡಿಹಾಕಿ ವಿಂಗಡಿಸಿದ್ರು. ತಪ್ಪುಗಳು ಎಲ್ಲೆಂದರಲ್ಲಿ ಚೆದುರಿರ್ಲಿಲ್ಲ. ಒಂದು ಲಿವರ್ ಬದಲು ಇನ್ನೊಂದು ಎಳೆಯೋದು, ಉಲ್ಟಾ ದಿಕ್ಕಿಗೆ ತಿರುಗಿಸೋದು, ಹೀಗೆ ಅದದೇ ಗುಂಪುಗಳು. ನೂರಾರು ಜನ ಒಂದೇ ಜಾಗದಲ್ಲಿ ಎಡವಿದ್ರೆ, ಅಲ್ಲಿ ಕಲ್ಲಿದೆ ಅಂತ ಅರ್ಥ.

ಬ್ರಿಟನ್ನಿನಲ್ಲೂ ಇಂಥದ್ದೇ ಕೆಲಸ ನಡೀತಿತ್ತು. ರೇಡಾರ್ ಪರದೆ ನೋಡ್ತಾ ಕೂತವರು ಶತ್ರುವಿನ ಗುರುತನ್ನ ಯಾಕೆ ತಪ್ಪಿಸ್ಕೊಳ್ತಾರೆ? ನಾರ್ಮನ್ ಮ್ಯಾಕ್‌ವರ್ತ್ ಒಂದು ಮುಳ್ಳಿನ ಗಡಿಯಾರ ಮಾಡಿದ. ಮುಳ್ಳು ಸೆಕೆಂಡಿಗೊಮ್ಮೆ ಹಾರುತ್ತೆ, ಅಪರೂಪಕ್ಕೊಮ್ಮೆ ಎರಡು ಪಟ್ಟು ಹಾರುತ್ತೆ. ಅದನ್ನ ಹಿಡೀಬೇಕು, ಎರಡು ಗಂಟೆ ಹೊತ್ತು. ಮೊದಲ ಅರ್ಧ ಗಂಟೆ ಕಳೆದ ಮೇಲೆ ಜನ ಹೆಚ್ಚು ಹೆಚ್ಚು ತಪ್ಪಿಸ್ಕೊಳ್ಳೋಕೆ ಶುರು ಮಾಡಿದ್ರು. ಇದು ಸೋಮಾರಿತನ ಅಲ್ಲ, ಮನುಷ್ಯನ ಗಮನ ಇರೋದೇ ಹಾಗೆ. ಹಾಗಾಗಿ ಪಾಳಿಯನ್ನೇ ಚಿಕ್ಕದು ಮಾಡಿ ಅನ್ನೋದು ಇದರಿಂದ ಬಂದ ಪಾಠ.

ನಿಮ್ಮ ಹೆಬ್ಬೆರಳಿನ ಸೂತ್ರ

ಅದೇ ಫಿಟ್ಸ್ 1954ರಲ್ಲಿ ಇನ್ನೊಂದು ಪ್ರಯೋಗ ಮಾಡಿದ್ರು. ಎರಡು ಲೋಹದ ಪಟ್ಟಿ, ಕೈಯಲ್ಲೊಂದು ಕಡ್ಡಿ. ಇತ್ತ ಒಂದು ಸಲ, ಅತ್ತ ಒಂದು ಸಲ, ಆದಷ್ಟು ಬೇಗ ತಟ್ಟಬೇಕು. ಪಟ್ಟಿಗಳ ಮಧ್ಯದ ದೂರ ಬದಲಿಸ್ತಾ ಹೋದ್ರು, ಪಟ್ಟಿಯ ಅಗಲ ಬದಲಿಸ್ತಾ ಹೋದ್ರು. ದೂರ ಹೆಚ್ಚಾದ್ರೆ ಹೊತ್ತು ಹೆಚ್ಚು, ಅಗಲ ಕಮ್ಮಿಯಾದ್ರೂ ಹೊತ್ತು ಹೆಚ್ಚು. ಇದು ಯಾರಿಗಾದ್ರೂ ಗೊತ್ತಾಗೋ ಮಾತು. ಆದ್ರೆ ಸ್ವಾರಸ್ಯ ಏನಂದ್ರೆ, ದೂರವನ್ನೂ ಅಗಲವನ್ನೂ ಎರಡೆರಡು ಪಟ್ಟು ಮಾಡಿದ್ರೆ ಹೊತ್ತು ಹತ್ತಿರ ಹತ್ತಿರ ಅಷ್ಟೇ ಇರುತ್ತೆ. ಮುಖ್ಯ ಆಗೋದು ಎರಡರ ಅನುಪಾತ. ಇದೇ ಫಿಟ್ಸ್ ನಿಯಮ.

ಇದು ನಿಮ್ಮ ಫೋನಿನಲ್ಲಿ ದಿನಾ ಕೆಲಸ ಮಾಡುತ್ತೆ. ಕಾಲ್ ಕಟ್ ಮಾಡೋ ಕೆಂಪು ಬಟನ್ ಅಷ್ಟು ದೊಡ್ಡದಾಗಿ, ಹೆಬ್ಬೆರಳಿಗೆ ಹತ್ತಿರ ಯಾಕಿದೆ? ಈ ನಿಯಮ ನಿಮಗೆ ಅನುಕೂಲ ಮಾಡ್ತಿದೆ. ಜಾಹೀರಾತು ಮುಚ್ಚೋ ಆ ಗುಣಾಕಾರದ ಗುರುತು ಸಾಸಿವೆ ಕಾಳಿನಷ್ಟು, ಮೂಲೆಯಲ್ಲಿ ಯಾಕಿರುತ್ತೆ? ಅಲ್ಲೂ ಅದೇ ನಿಯಮ, ಆದ್ರೆ ನಿಮ್ಮ ವಿರುದ್ಧ. ಬೆರಳು ಜಾರಿ ಜಾಹೀರಾತಿನ ಮೇಲೆ ಬಿದ್ರೆ ನಾವು 'ಛೇ, ನನ್ನ ಕೈ' ಅಂತ ನಮ್ಮನ್ನೇ ಬೈಕೋತೀವಿ.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಸ್ಟುವರ್ಟ್ ಕಾರ್ಡ್ ಮತ್ತು ಸಂಗಡಿಗರು ಮೌಸ್, ಜಾಯ್‌ಸ್ಟಿಕ್, ಬಾಣದ ಕೀಗಳು ಇವನ್ನ ಹೋಲಿಸಿ ನೋಡಿದ್ರು. 1978ರ ಅವರ ಪ್ರಬಂಧದ ಪ್ರಕಾರ ಮೌಸ್ ಗೆದ್ದಿತು. ಅದರ ವೇಗ ಹತ್ತಿರ ಹತ್ತಿರ ಬರಿಗೈಯ ವೇಗದಷ್ಟೇ ಇತ್ತು. ಅಂದ್ರೆ ಉಪಕರಣ ದಾರಿಗೆ ಅಡ್ಡ ಬರ್ತಿಲ್ಲ, ಇನ್ನು ಮಿತಿ ಇರೋದು ಮನುಷ್ಯನ ಕೈಯಲ್ಲೇ ಅಂತ.

1980ರಲ್ಲಿ ಕಾರ್ಡ್, ಥಾಮಸ್ ಮೊರಾನ್, ಆಲನ್ ನ್ಯೂವೆಲ್ ಮೂವರೂ ಸೇರಿ ಒಂದು ಪುಟ್ಟ ಲೆಕ್ಕ ಕೊಟ್ರು. ಪಳಗಿದ ಟೈಪಿಸ್ಟ್ ಒಂದು ಕೀ ಒತ್ತೋಕೆ 0.2 ಸೆಕೆಂಡ್. ಮೌಸಿನಿಂದ ಗುರಿ ಮುಟ್ಟೋಕೆ 1.1. ಕೈಯನ್ನ ಕೀಬೋರ್ಡಿನಿಂದ ಮೌಸಿಗೆ ಒಯ್ಯೋಕೆ 0.4. ಮುಂದೇನು ಅಂತ ಮನಸ್ಸಲ್ಲಿ ಅಣಿಯಾಗೋಕೆ 1.35. ಇವನ್ನ ಕೂಡ್ತಾ ಹೋಗಿ. ಕಂಟ್ರೋಲ್-ಎಸ್ ಒತ್ತಿ ಸೇವ್ ಮಾಡೋಕೆ 1.35 ಮತ್ತು ಎರಡು ಕೀ, ಒಟ್ಟು 1.75 ಸೆಕೆಂಡ್. ಮೌಸ್ ಹಿಡಿದು ಐಕಾನ್ ಕ್ಲಿಕ್ ಮಾಡಿ ಸೇವ್ ಮಾಡೋಕೆ 3.05. ಯಂತ್ರ ಮಾಡೋ ಮುಂಚೆಯೇ, ಬರೀ ಕಾಗದದ ಮೇಲೆ ಇದು ಗೊತ್ತಾಗುತ್ತೆ.

ಇದರ ಮಿತಿಯನ್ನ ಅವರೇ ಸ್ಪಷ್ಟವಾಗಿ ಹೇಳಿದ್ರು. ಈ ಲೆಕ್ಕ ಚೆನ್ನಾಗಿ ಪಳಗಿದವರಿಗೆ, ತಪ್ಪೇ ಮಾಡದೆ ಕೆಲಸ ಮುಗಿಸಿದಾಗ ಮಾತ್ರ. ಹೊಸಬರಿಗೆ, ವಯಸ್ಸಾದವರಿಗೆ, ಗಾಬರಿಯಲ್ಲಿರೋರಿಗೆ ಇದನ್ನ ಹಾಗೇ ತಂದು ಹಚ್ಚಬಾರದು.

ಸೆಕೆಂಡು ಯಾರ ಖಾತೆಗೆ?

ಈ ಮಾತು ನನಗೆ ಯಾಕೆ ನಾಟ್ತು ಅಂದ್ರೆ, ಡಿಗ್ರಿ ಮುಗಿಸಿದ ಹೊಸದ್ರಲ್ಲಿ ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ಎಂಟು ತಿಂಗಳು ನೈಟ್ ಶಿಫ್ಟ್ ಮಾಡಿದ್ದೆ. ಅಲ್ಲಿ ನಮ್ಮ ದೇವರು ಅಂದ್ರೆ 'ಎಎಚ್‌ಟಿ', ಒಂದು ಕಾಲ್ ಮುಗಿಸೋಕೆ ಸರಾಸರಿ ಹಿಡಿಯೋ ಟೈಮ್. ಗ್ರಾಹಕರ ಪೇಜ್ ತೆರೆಯೋಕೆ ಸಿಸ್ಟಮ್ ತಿಣುಕಾಡ್ತಿತ್ತು. ನಾವು 'ದಯವಿಟ್ಟು ಲೈನಲ್ಲಿರಿ' ಅಂತ ಕಾಯ್ತಿದ್ವಿ. ಆದ್ರೆ ಆ ಸೆಕೆಂಡುಗಳು ಸಿಸ್ಟಮ್ ಹೆಸರಿಗೆ ಬೀಳ್ತಾ ಇರ್ಲಿಲ್ಲ, ನಮ್ಮ ಹೆಸರಿಗೆ ಬೀಳ್ತಿದ್ದವು. ತಿಂಗಳ ಕೊನೆಗೆ ಟೀಮ್ ಲೀಡ್ 'ನಿಂದು ಜಾಸ್ತಿ ಇದೆ ಕಣೋ' ಅಂತಿದ್ರು. ಪಾಪ, ಅವರ ಕೈಯಲ್ಲೂ ಆ ಒಂದು ಸಂಖ್ಯೆ ಬಿಟ್ಟು ಬೇರೆ ಏನೂ ಇರ್ಲಿಲ್ಲ.

ಆಮೇಲೆ 'ಪ್ರಾಜೆಕ್ಟ್ ಅರ್ನೆಸ್ಟೀನ್' ಬಗ್ಗೆ ಓದಿದಾಗ, ಇದು ಆಗಲೇ ಬಗೆಹರಿದ ಲೆಕ್ಕ ಅಲ್ವಾ ಅನ್ನಿಸ್ತು. ನ್ಯೂಯಾರ್ಕ್ ಕಡೆಯ ಟೆಲಿಫೋನ್ ಕಂಪನಿ ನೈನೆಕ್ಸ್ ತನ್ನ ಆಪರೇಟರ್‌ಗಳಿಗೆ ಹೊಸ ಕಂಪ್ಯೂಟರ್ ಕೊಡೋಕೆ ಹೊರಟಿತ್ತು. ಹೊಸ ಯಂತ್ರ, ಸುಧಾರಿಸಿದ ಸ್ಕ್ರೀನ್, ಕಮ್ಮಿ ಕೀಗಳು. ಬೇಗ ಆಗೇ ಆಗುತ್ತೆ ಅಂತ ನಂಬಿಕೆ. ಒಂದು ಕಾಲ್‌ಗೆ ಸರಾಸರಿ ಒಂದು ಸೆಕೆಂಡ್ ಉಳಿದ್ರೆ ಕಂಪನಿಗೆ ವರ್ಷಕ್ಕೆ 30 ಲಕ್ಷ ಡಾಲರ್ ಉಳಿತಾಯ.

ವೇಯ್ನ್ ಗ್ರೇ, ಬಾನಿ ಜಾನ್, ಮೈಕಲ್ ಆಟ್‌ವುಡ್ ಮೂವರೂ ಆಪರೇಟರ್ ಕೆಲಸವನ್ನ ಬಿಡಿಸಿ ಬಿಡಿಸಿ ಮಾದರಿ ಕಟ್ಟಿದ್ರು. ಕಿವಿ ಏನು ಕೇಳ್ತಿದೆ, ಬಾಯಿ ಏನು ಹೇಳ್ತಿದೆ, ಕಣ್ಣು ಎಲ್ಲಿದೆ, ಬೆರಳು ಏನು ಒತ್ತುತ್ತಿದೆ. ಇವೆಲ್ಲ ಒಂದಾದ ಮೇಲೆ ಒಂದಲ್ಲ, ಒಟ್ಟೊಟ್ಟಿಗೆ ನಡೆಯೋದು. ಮಾದರಿ ಹೇಳಿದ್ದು ಬೇರೆಯೇ. ಹೊಸ ಯಂತ್ರದಿಂದ ಪ್ರತಿ ಕಾಲ್ ಅರ್ಧ ಸೆಕೆಂಡಿಗಿಂತ ಹೆಚ್ಚು ತಡ ಆಗುತ್ತೆ.

ಯಾರೂ ನಂಬೋ ಮಾತಲ್ಲ. ಆದ್ರೆ ನಾಲ್ಕು ತಿಂಗಳು ನಿಜವಾದ ಆಪರೇಟರ್‌ಗಳ ಜೊತೆ ಪರೀಕ್ಷೆ ಮಾಡಿದಾಗ ಹಾಗೇ ಆಯ್ತು. ಯಾಕೆ? ಒಂದು ಅಡುಗೆ ಉದಾಹರಣೆ ಹೇಳ್ತೀನಿ. ಕುಕ್ಕರಿನಲ್ಲಿ ಅನ್ನ ಬೇಯೋಕೆ 20 ನಿಮಿಷ ಬೇಕು. ಆ ಹೊತ್ತಿನಲ್ಲಿ ನೀವು ಪಲ್ಯದ ತರಕಾರಿ ಹೆಚ್ಚುತ್ತೀರಿ. ತರಕಾರಿ ಹೆಚ್ಚೋಕೆ ಮೆಷಿನ್ ತಂದು ಐದು ನಿಮಿಷ ಉಳಿಸಿದ್ರೂ ಊಟ ಬೇಗ ಆಗಲ್ಲ, ಯಾಕಂದ್ರೆ ಅನ್ನ ಇನ್ನೂ ಬೇಯ್ತಿದೆ. ಆದ್ರೆ ಅನ್ನ ಬೆಂದ ಮೇಲೆ ಒಂದು ನಿಮಿಷದ ಕೆಲಸ ಹೆಚ್ಚಿಸಿದ್ರೆ ಊಟ ಒಂದು ನಿಮಿಷ ತಡ. ಹೊಸ ಯಂತ್ರವೂ ಹೀಗೇ. ಗ್ರಾಹಕ ಮಾತಾಡ್ತಿರೋವಾಗ ಹೇಗಿದ್ರೂ ಖಾಲಿ ಇದ್ದ ಹೊತ್ತಿನ ಕೀಗಳನ್ನ ಕಮ್ಮಿ ಮಾಡಿತ್ತು, ಎಲ್ಲರೂ ಕಾಯೋ ಕೊನೆಯ ಘಟ್ಟದಲ್ಲಿ ಒಂದು ಕೀ ಸೇರಿಸಿತ್ತು.

1993ರಲ್ಲಿ ಈ ಅಧ್ಯಯನ ಪ್ರಕಟವಾಯ್ತು. ಯಂತ್ರ ಹಾಕಿದ್ರೆ ವರ್ಷಕ್ಕೆ ಸುಮಾರು 20 ಲಕ್ಷ ಡಾಲರ್ ನಷ್ಟ ಆಗ್ತಿತ್ತು. ಕಂಪನಿ ಅದನ್ನ ಕೊಳ್ಳಲಿಲ್ಲ. ನನಗೆ ಮುಖ್ಯ ಅನ್ನಿಸೋದು ಇನ್ನೊಂದು. ಈ ಮಾದರಿ ಇಲ್ಲದೆ ಯಂತ್ರ ಬಂದು ಕೂತಿದ್ರೆ, ಆ ಅರ್ಧ ಸೆಕೆಂಡ್ ಯಾರ ಖಾತೆಗೆ ಬೀಳ್ತಿತ್ತು? 'ಆಪರೇಟರ್‌ಗಳಿಗೆ ಹೊಸದು ಕಲಿಯೋಕೆ ಮನಸ್ಸಿಲ್ಲ, ಟ್ರೈನಿಂಗ್ ಸಾಲದು' ಅಂತ ಹೇಳೋದು ಎಷ್ಟು ಸುಲಭ!

ಇವತ್ತಿನ ಟೈಮರ್

ಈಗ ಗಡಿಯಾರ ಯಾರ ಕೈಯಲ್ಲೂ ಕಾಣಲ್ಲ. ಅದು ಆ್ಯಪ್ ಒಳಗಿದೆ. ಡೆಲಿವರಿ ಮಾಡೋ ಹುಡುಗನನ್ನ ತಗೊಳ್ಳಿ. ಅಂಗಡಿಯಲ್ಲಿ ಪ್ಯಾಕ್ ಮಾಡೋಕೆ ತಡ, ಸಿಲ್ಕ್ ಬೋರ್ಡ್ ಸಿಗ್ನಲ್, ಅಪಾರ್ಟ್‌ಮೆಂಟ್ ಗೇಟಲ್ಲಿ ಎಂಟ್ರಿ, ಸರ್ವಿಸ್ ಲಿಫ್ಟ್ ಮಾತ್ರ ಬಳಸಿ ಅನ್ನೋ ಬೋರ್ಡು, ನಾವು ಫೋನ್ ಎತ್ತೋಕೆ ಮಾಡೋ ತಡ. ಆ ತಡಗಳಿಗೆ ಹತ್ತು ಯಜಮಾನರು. ಆದ್ರೆ ನಾವು ರೇಟಿಂಗ್ ಕೊಡೋದು ಬೆವರು ಒರೆಸ್ಕೊಂಡು ಬಾಗಿಲಲ್ಲಿ ನಿಂತ ಒಬ್ಬನಿಗೇ.

ಹಾಗಂತ ಅಳೆಯೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅಳೆದಿದ್ದರಿಂದಲೇ ಬೆಸೆಲ್‌ಗೆ ಸತ್ಯ ಗೊತ್ತಾಯ್ತು, ಅಳೆದಿದ್ದರಿಂದಲೇ ಗಾರೆಯವನ ಬೆನ್ನು ಉಳೀತು. ಅಳೆಯದೇ ಇದ್ದಿದ್ರೆ 460 ತಪ್ಪುಗಳೂ ಪೈಲಟ್‌ಗಳ ತಲೆಗೇ ಕಟ್ಟಿರ್ತಿದ್ದವು.

ನಿಮ್ಮ ಆಫೀಸಲ್ಲೋ, ಇಂಟರ್ನ್‌ಶಿಪ್‌ನಲ್ಲೋ ನಿಮ್ಮ ಹೆಸರಿನ ಮುಂದೆ ಒಂದು ಸಂಖ್ಯೆ ಬಂದಾಗ ಎರಡು ವಿಷಯ ಕೇಳಿ ನೋಡಿ. ಈ ಸಂಖ್ಯೆಯೊಳಗೆ ನಾನು ಮಾಡಿದ ಕೆಲಸ ಎಷ್ಟು, ನಾನು ಕಾದ ಹೊತ್ತು ಎಷ್ಟು? ಮತ್ತೆ, ಈ ಸಂಖ್ಯೆ ನೋಡಿದ ಮೇಲೆ ಬದಲಾಗಬೇಕಾಗಿರೋದು ನಾನೊಬ್ಬನೇನಾ, ಅಥವಾ ಸ್ವಿಚ್ಚು, ಸ್ಕ್ರೀನು, ಪಾಳಿ, ಕಟ್ಟೆಯ ಎತ್ತರ ಇವುಗಳಲ್ಲಿ ಏನಾದ್ರೂ ಬದಲಾಗುತ್ತಾ? ಎರಡನೇ ಪ್ರಶ್ನೆಗೆ ಉತ್ತರ ಸಿಗ್ಲಿಲ್ಲ ಅಂದ್ರೆ, ನೀವು ಇನ್ನೂ 1796ರ ಗ್ರೀನಿಚ್‌ನಲ್ಲೇ ಕೆಲಸ ಮಾಡ್ತಿದ್ದೀರಿ ಅಂತ ಅರ್ಥ.

ನಿಮ್ಮ ಕೆಲಸದ ಜಾಗದಲ್ಲಿ ಏನನ್ನ ಅಳೀತಾರೆ, ಹೇಗೆ ಅಳೀತಾರೆ ಅಂತ ನಮಗೆ ಬರೆದು ಕಳಿಸಿ. ಕಂಪನಿ ಹೆಸರು ಬೇಡ, ಅನುಭವ ಸಾಕು. ಸಂಚಿಕೆ ಇಷ್ಟ ಆದ್ರೆ ಗೆಳೆಯರಿಗೂ ಕಳಿಸಿ. ಮುಂದಿನ ವಾರ ಇನ್ನೊಂದು ಕಥೆಯ ಜೊತೆ ಸಿಗ್ತೀನಿ. ಅಲ್ಲಿವರೆಗೂ, ನಮಸ್ಕಾರ.